ಫ್ರೆಂಚಿನಲ್ಲಿ ಹತ್ತರವರೆಗೆ

ಜೂನ್ ೧೬, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಕೈಗೆ ಸಿಕ್ಕಿ ಮೂರು ವಾರವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ. ಈ ಸಲವೂ ಹೊಟ್ಟೆಗೆ ಹಾಕಿಕೋ. ಜೈಲಿನಲ್ಲಿ ತಿಂಗಳಿಗೆ ಎರಡೇ ಹಾಳೆ ಕೊಡುತ್ತಾರೆ. ಮೊದಲನೆಯದರಲ್ಲಿ ಬರೆದದ್ದನ್ನು ನಾನೇ ಹರಿದು ಹಾಕಿದೆ. ಸಿಟ್ಟಿನಲ್ಲಿ ಬರೆದಿದ್ದೆ. ಅದು ನಿನ್ನ ಕೈಗೆ ಸಿಗದೆ ಹೋದದ್ದೇ ಒಳ್ಳೆಯದಾಯಿತು.

ನಾನು ಇದ್ದ ಹಾಗೇ ಇದ್ದೇನೆ. ಹೊಲಿಗೆ ಕೋಣೆಯಲ್ಲಿ ಈಗ ಆಸ್ಪತ್ರೆಯ ನಿಲುವಂಗಿಗಳನ್ನು ಹೊಲಿಯುತ್ತಿದ್ದೇವೆ, ಹಿಂದುಗಡೆ ಲಾಡಿ ಕಟ್ಟುವಂಥವು. ಪೆಡಲು ತುಳಿದು ತುಳಿದು ಬಲಮಂಡಿ ಹಿಡಿದುಕೊಂಡಿದೆ. ಭಾವನ ಬೆನ್ನು ಹೇಗಿದೆ? ಈ ವಯಸ್ಸಿನಲ್ಲಿ ರಿಪೇರಿಗೆಂದು ಬಸ್ಸಿನ ಅಡಿ ತೂರುವುದು ಸಾಕು ಅಂತ ನಾನು ಹೇಳಿದೆನೆಂದು ಹೇಳು. ನೀನು ಹೇಳಿದರೆ ಕೇಳುವುದಿಲ್ಲ, ನಾದಿನಿ ಹೇಳಿದರೆ ಕೇಳಿಯಾರು. ನಿನ್ನ ಅಂಗಡಿಯ ಜೆರಾಕ್ಸ್ ಮೆಷಿನ್ನು ಇನ್ನೂ ಎಲ್ಲರ ಮುಖಕ್ಕೂ ಕಪ್ಪು ಮೀಸೆ ಬಳಿಯುತ್ತಿದೆಯೋ, ರಿಪೇರಿಯಾಯಿತೋ?

ಈಗ ನನ್ನ ಕಡ್ಡಿಯ ವಿಷಯ. ‘ನಿನ್ನ ಮಗಳು ಹೊಸ ಶಾಲೆ ಸೇರಿದ ದಿನದಿಂದಲೂ ನಮ್ಮಮ್ಮ ಫ್ರಾನ್ಸಿನಲ್ಲಿದ್ದಾಳೆ ಅಂತ ಹೇಳಿಕೊಂಡು ಬಂದಿದ್ದಾಳೆ, ನನಗೇ ಈಗ ಗೊತ್ತಾಯಿತು’ ಎಂದು ನೀನು ಬರೆದದ್ದನ್ನು ಓದಿ ಮೊದಲು ನಗು ಬಂತು. ನಕ್ಕು ಮುಗಿಯುವುದರೊಳಗೆ ಮೈಯೆಲ್ಲ ಉರಿಯಿತು. ಎರಡು ವರ್ಷದಿಂದ ನಾನು ಇಲ್ಲಿ ಸಾಲಿನಲ್ಲಿ ನಿಂತು ತಲೆ ಎಣಿಸಿಕೊಳ್ಳುತ್ತಿದ್ದೇನೆ, ಅಲ್ಲಿ ನನ್ನ ಮಗಳು ನನ್ನನ್ನು ವಿಮಾನ ಹತ್ತಿಸಿ ಕಳಿಸಿಬಿಟ್ಟಿದ್ದಾಳೆ! ಹರಿದು ಹಾಕಿದ ಕಾಗದದಲ್ಲಿ ‘ಸುಳ್ಳು ಹೇಳೋದನ್ನ ಅವಳಿಗೆ ಯಾರು ಕಲಿಸಿದ್ದು? ನೀನಾ, ಭಾವನಾ?’ ಎಂದು ಕೇಳಿದ್ದೆ. ಮನ್ನಿಸು.

ಯಾಕೆ ಫ್ರಾನ್ಸೇ ಬೇಕಾಯಿತು ಎಂದು ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಬೇಕರಿಯ ವ್ಯಾನು ಓಡಿಸುತ್ತಿದ್ದ ಕಾಲದಲ್ಲಿ ಶನಿವಾರ ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆನಲ್ಲ? ಮೊಳದುದ್ದದ ಬ್ರೆಡ್ಡು ತೋರಿಸಿ ‘ಇದು ಎಲ್ಲೀದಮ್ಮ?’ ಎಂದು ಕೇಳಿದ್ದಳು. ‘ಫ್ರಾನ್ಸಿಂದು’ ಎಂದಿದ್ದೆ. ‘ನಮ್ಮಮ್ಮ ಫ್ರಾನ್ಸಲ್ಲಿ ಬ್ರೆಡ್ ಕಂಪನೀಲಿ ಕೆಲಸ ಮಾಡ್ತಾಳೆ’ ಎಂದು ಅವಳು ಹೇಳಿಕೊಂಡದ್ದರಲ್ಲಿ ಅರ್ಧ ನನ್ನ ಮಾತೇ ಇದೆ.

ಅವಳ ಬೆಂಚಿನ ಡಾಕ್ಟರ ಮಗಳು ‘ಹಾಗಿದ್ರೆ ನಿಮ್ಮಮ್ಮಂಗೆ ಫ್ರೆಂಚ್ ಬರ್ಬೇಕಲ್ಲ? ಫೋನಲ್ಲಿ ಹತ್ತರವರೆಗೆ ಎಣಿಸ್ಲಿ ನೋಡೋಣ’ ಎಂದು ಪಟ್ಟು ಹಿಡಿದಿದ್ದಾಳೆಂದು ಬರೆದಿದ್ದೀಯ. ಇದನ್ನೆಲ್ಲ ಇಲ್ಲಿಗೇ ಮುಗಿಸು, ಮಗುವಿಗೆ ನಿಜ ಹೇಳೋದನ್ನ ಕಲಿಸು ಎಂದೂ ಬರೆದಿದ್ದೀಯ. ನೀನು ಹೇಳುವುದು ಸರಿ, ಅಕ್ಕ. ಆದರೆ ನಿನ್ನ ಸಹಿಯ ಕೆಳಗೆ, ನಿನಗೆ ತಿಳಿಯದ ಹಾಗೆ, ಅವಳು ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದಳು. ‘ಅಮ್ಮಾ, ಹತ್ತರವರೆಗೆ ಸಾಕು. ಪ್ಲೀಸ್.’ ಎರಡು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಇದೊಂದೇ.

ಅದಕ್ಕೇ ಕಲಿಯುತ್ತಿದ್ದೇನೆ. ಇಲ್ಲೊಬ್ಬಳಿದ್ದಾಳೆ, ದೊಡ್ಡ ಹೋಟೆಲೊಂದರ ಸ್ವಾಗತದ ಮೇಜಿನಲ್ಲಿ ಇಪ್ಪತ್ತು ವರ್ಷ ನಿಂತವಳು. ಈಗಲೂ ಯಾರಾದರೂ ಬಾಗಿಲಿಗೆ ಬಂದರೆ ಎದ್ದು ನಿಲ್ಲುತ್ತಾಳೆ. ಎಲ್ಲರೂ ಮೇಡಂ ಅನ್ನುತ್ತಾರೆ. ಯಾಕೆ ಬಂದಳೆಂದು ನಾನು ಕೇಳಿಲ್ಲ, ಒಳಗೆ ಅದನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ಅವಳ ಬೆರಳ ಗಿಣ್ಣುಗಳು ಊದಿಕೊಂಡಿವೆ, ಜಡೆ ಹಾಕಿಕೊಳ್ಳಲಾರಳು. ದಿನಾ ನಾನು ಅವಳಿಗೆ ತಲೆ ಬಾಚಿ ಜಡೆ ಹಾಕಬೇಕು, ಅವಳು ನನಗೆ ಒಂದೊಂದು ಅಂಕಿ ಹೇಳಿಕೊಡಬೇಕು ಎಂದು ಮಾತಾಗಿದೆ.

ಒಂದಕ್ಕೆ ಅವರು ‘ಅಂ’ ಅನ್ನುತ್ತಾರಂತೆ. ಇಷ್ಟೇನಾ, ಇದನ್ನು ನಾವು ಒಂದನೇ ಕ್ಲಾಸಿನಲ್ಲೇ ಅಂ ಅಃ ಅಂತ ಕಲಿತಿದ್ದೇವಲ್ಲ ಎಂದೆ. ‘ಮೂಗಲ್ಲಿ ಹೇಳೇ, ನೆಗಡಿ ಬಂದೋರ ಥರ’ ಎಂದಳು. ಎರಡು ‘ದ್ಯೋ’. ಮೂರು ‘ತ್ರ್ವಾ’, ಅದನ್ನು ಗಂಟಲಿನಲ್ಲಿ ಕೆರೆಯಬೇಕು. ನಾನು ಕೆರೆದದ್ದು ಕೇಳಿ ಪಕ್ಕದ ಮೆಷಿನ್ನಿನವಳು ನೀರು ತಂದುಕೊಟ್ಟಳು. ನಾಲ್ಕು ‘ಕಾತ್ರ್’. ಹೊಲಿಗೆ ಕೋಣೆಯಲ್ಲಿ ಕತ್ರಿ ಮರೆತುಹೋದೀತೇ? ಐದು ‘ಸ್ಯಾಂಕ್’, ಆರು ‘ಸೀಸ್’, ನಮ್ಮ ಸೀಸೆ.

ಏಳರಲ್ಲಿ ನಿಂತುಬಿಟ್ಟಿದ್ದೇನೆ. ಏಳು ‘ಸೆತ್’. ಎಷ್ಟು ಸಲ ಹೇಳಿದರೂ ನನ್ನ ನಾಲಿಗೆ ಅದನ್ನು ‘ಸತ್ತ’ ಅನ್ನುತ್ತದೆ. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಮಧ್ಯಾಹ್ನ ನಾನು ಕೆಳಗೆ ಬಿದ್ದ ಡೆಲಿವರಿ ಚೀಟಿ ಎತ್ತಿಕೊಳ್ಳಲು ಬಗ್ಗಿ ತಲೆ ಎತ್ತುವುದರೊಳಗೆ ಆ ಸೈಕಲ್ಲಿನ ಯಜಮಾನರು ವ್ಯಾನಿನ ಮುಂದೆ ಇದ್ದರು. ಸುತ್ತ ನೆರೆದವರಲ್ಲಿ ಒಬ್ಬರು ಬಗ್ಗಿ ನೋಡಿ ಹೇಳಿದ್ದು ಆ ಒಂದೇ ಮಾತು. ಮೇಡಂಗೆ ಇದು ಗೊತ್ತಿಲ್ಲ. ‘ಏಳರ ಹತ್ರ ಯಾಕೆ ಹಿಂಗೆ ಮುಗ್ಗರಿಸ್ತೀಯ?’ ಎಂದು ಗದರುತ್ತಾಳೆ.

ಮುಂದಿನ ತಿಂಗಳ ಮೊದಲ ಭಾನುವಾರ ನನಗೆ ಫೋನಿನ ಸರದಿ, ಐದು ನಿಮಿಷ. ಆ ಡಾಕ್ಟರ ಮಗಳನ್ನು ಅವತ್ತು ಹತ್ತು ಗಂಟೆಗೆ ಮನೆಗೆ ಕರೆಯಲು ಕಡ್ಡಿಗೆ ಹೇಳು. ಇದೊಂದು ಸಲ ನನ್ನ ಮಾತು ನಡೆಸಿಕೊಡು. ಕಡ್ಡಿಗೆ ಮುತ್ತು. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ತಂಗಿ


ಆಗಸ್ಟ್ ೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ಈ ಸಲವೂ ತಡವಾಯಿತು, ಬೈದುಕೋ. ಹಾಳೆ ಇತ್ತು, ಬರೆಯಲು ಕೈ ಬರಲಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಆ ಭಾನುವಾರದ್ದನ್ನು ನೀನು ನಿನ್ನ ಹಜಾರದಿಂದ ಕೇಳಿದ್ದೀಯ. ನನ್ನ ಕಡೆಯಿಂದ ಹೇಗಿತ್ತೆಂದು ಕೇಳು. ಫೋನು ಇರುವುದು ಆಫೀಸಿನ ಹೊರಗಿನ ಗೋಡೆಯಲ್ಲಿ. ಹಿಂದೆ ಹದಿಮೂರು ಜನ ಸರದಿಗೆ ಕಾದಿದ್ದರು. ಮಾಮೂಲಿಗೆ ಅಲ್ಲಿ ಸಂತೆಯ ಗದ್ದಲ. ಒಬ್ಬಳು ಅಳುತ್ತಾಳೆ, ಇನ್ನೊಬ್ಬಳು ‘ಬೇಗ ಮುಗಿಸೇ’ ಎಂದು ಕೂಗುತ್ತಾಳೆ. ಆದರೆ ಮೇಡಂ ಬೆಳಗ್ಗೆಯೇ ಎಲ್ಲರಿಗೂ ಹೇಳಿಟ್ಟಿದ್ದಳು. ‘ಇವತ್ತು ಐದು ನಿಮಿಷ ಇದು ಫ್ರಾನ್ಸು. ಯಾರಾದ್ರೂ ಉಸಿರೆತ್ತಿದ್ರೆ ನೋಡಿ.’ ನಾನು ನಂಬರು ಒತ್ತಿದ ಕೂಡಲೇ ಹದಿಮೂರು ಜನವೂ ಗೋಡೆಗೆ ಒರಗಿ ಬಾಯಿ ಮುಚ್ಚಿಕೊಂಡರು. ಕಾವಲಿನವಳು ಕೂಡ ಬೀಗದ ಕೈ ಗೊಂಚಲನ್ನು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳನ್ನು ನಾನು ಎರಡು ವರ್ಷ ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ!

‘ಆಂಟೀ, ಎಣಿಸಿ’ ಎಂದಿತು ಆ ಡಾಕ್ಟರ ಮಗು. ಹಲೋ ಇಲ್ಲ, ಏನಿಲ್ಲ, ಪರೀಕ್ಷೆ ನಡೆಸುವ ಮೇಷ್ಟರ ದನಿ. ಅಂ, ದ್ಯೋ, ತ್ರ್ವಾ, ಕಾತ್ರ್, ಸ್ಯಾಂಕ್, ಸೀಸ್. ಏಳಕ್ಕೆ ಬಂದಾಗ ನಾಲಿಗೆ ಮತ್ತೆ ‘ಸತ್ತ’ದ ಕಡೆಗೇ ಹೊರಳಿತು, ಹಲ್ಲು ಕಚ್ಚಿ ತಡೆದೆ. ನಿಮಗೆ ಅಲ್ಲಿ ಲೈನು ಸರಿಯಿಲ್ಲ ಅನಿಸಿರಬೇಕು. ಮೇಡಂ ಬಂದು ಎದುರು ನಿಂತು ತುಟಿಯನ್ನಷ್ಟೇ ಆಡಿಸಿದಳು. ಅವಳ ತುಟಿ ನೋಡಿಕೊಂಡು ‘ಸೆತ್’ ಎಂದೆ. ಆಮೇಲೆ ವೀತ್, ನೆಫ್, ದೀಸ್ ಇಳಿಜಾರಿನಲ್ಲಿ ಉರುಳಿದ ಹಾಗೆ ಬಂದವು.

‘ಅಲ್ಲಿ ತುಂಬ ಚಳೀನಾ ಆಂಟಿ?’

‘ಹೌದಮ್ಮ, ತುಂಬಾ ಚಳಿ.’

‘ಜುಲೈನಲ್ಲೂ?’

ನಾನು ಮೇಡಂ ಕಡೆ ನೋಡಿದೆ. ಅಷ್ಟರಲ್ಲಿ ಕಡ್ಡಿ ‘ನಮ್ಮಮ್ಮ ಬ್ರೆಡ್ ಇಡೋ ಫ್ರಿಜ್ ರೂಮಲ್ಲಿ ಕೆಲಸ ಮಾಡೋದು ಕಣೇ!’ ಎಂದು ಹೇಳಿ ನಕ್ಕಳು. ಅಕ್ಕ, ಆ ನಗು! ಅವಳಿಗೆ ಎದುರಿನ ಎರಡು ಹಲ್ಲು ದೊಡ್ಡದಾಗಿ ಬಂದಿವೆಯೆಂದು ನೀನು ಬರೆದಿದ್ದೆ. ಆ ಹಲ್ಲು ನನಗೆ ಫೋನಿನಲ್ಲೇ ಕಂಡ ಹಾಗಾಯಿತು. ನಾನು ಫೋನು ಇಟ್ಟ ಮೇಲೆ ಹದಿಮೂರು ಜನವೂ ಚಪ್ಪಾಳೆ ತಟ್ಟಿದರು. ನಾನು ಐದು ನಿಮಿಷ ಮೀರಿದ್ದರಿಂದ ಕೊನೆಯಲ್ಲಿದ್ದವಳ ಸರದಿ ಅವತ್ತು ತಪ್ಪಿಹೋಯಿತು, ಆದರೂ ತಟ್ಟಿದಳು. ‘ನಿನ್ನ ಫ್ರೆಂಚು ಅವರ ಕಿವಿಗೇನಾದ್ರೂ ಬಿದ್ರೆ ನಮ್ಮ ಮೇಲೆ ಯುದ್ಧಕ್ಕೆ ಬರ್ತಾರೆ’ ಎಂದು ಮೇಡಂ ಬೆನ್ನು ಚಪ್ಪರಿಸಿದಳು. ಅಂದು ಮಧ್ಯಾಹ್ನ ನಾನು ಹನ್ನೊಂದು ನಿಲುವಂಗಿ ಹೊಲಿದೆ. ಮಂಡಿ ನೋಯಲೇ ಇಲ್ಲ.

ಮೇಡಂ ಈಗ ಇಲ್ಲ. ಕಳೆದ ತಿಂಗಳ ಹದಿನೆಂಟಕ್ಕೆ ಜಡೆ ಹಾಕಲು ಕೂತಾಗ ಅವಳ ಕತ್ತು ಕಾದ ಹಂಚಿನಂತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾಲ್ಕನೆಯ ದಿನ ಕಾವಲಿನವಳು ಬಂದು ಅವಳ ಹಾಸಿಗೆ ಸುತ್ತಿದಳು. ಆಸ್ಪತ್ರೆಯಲ್ಲಿ ಅವಳಿಗೆ ತೊಡಿಸಿದ್ದು ನಾವು ಹೊಲಿದ ನಿಲುವಂಗಿಯೇ ಇರಬೇಕು. ಅದರ ಲಾಡಿ ಗಟ್ಟಿಯಾಗಿತ್ತೋ ಇಲ್ಲವೋ ಎಂದು ನನಗೆ ಒಂದೇ ಚಿಂತೆ. ಅವಳನ್ನು ಒಯ್ಯಲು ಮನೆಯಿಂದ ಯಾರೂ ಬರಲಿಲ್ಲವಂತೆ. ಅವಳಿಗೆ ಮಗನೊಬ್ಬನಿದ್ದಾನೆ, ಅಮ್ಮ ಸತ್ತು ಬಹಳ ವರ್ಷವಾಯಿತೆಂದು ಅವನು ಎಲ್ಲರಿಗೂ ಹೇಳಿಕೊಂಡಿದ್ದಾನೆ ಎಂಬುದು ಅವಳು ಹೋದ ಮೇಲೆ ತಿಳಿಯಿತು. ನನಗೆ ಅಂಕಿ ಹೇಳಿಕೊಡುವಾಗ ಅವಳು ಒಂದು ದಿನವೂ ಆ ಮಾತು ಎತ್ತಲಿಲ್ಲ. ಬರೆಯಲು ಕೈ ಬರದಿದ್ದದ್ದು ಇದಕ್ಕೇ.

ಕಡ್ಡಿಯ ಕಾಗದ ಬಂದಿದೆ. ಈಗ ಅವಳಿಗೆ ಫ್ರೆಂಚಿನಲ್ಲಿ ವಾರದ ದಿನಗಳ ಹೆಸರುಗಳು ಬೇಕಂತೆ, ಫ್ರಾನ್ಸಿನ ನನ್ನ ಮನೆಯ ಕಿಟಕಿಯಿಂದ ಏನು ಕಾಣುತ್ತದೆಂದು ಬರೆಯಬೇಕಂತೆ, ಕ್ಲಾಸಿನಲ್ಲಿ ಓದಿ ಹೇಳುತ್ತಾಳಂತೆ. ಬರೆದೆ. ಒಂದು ನದಿ, ಒಂದು ಸೇತುವೆ, ಕೆಂಪು ಬಾಗಿಲಿನ ಬೇಕರಿ. ಬರೆಯುತ್ತ ಹೋದಂತೆ ನನಗೇ ಆ ಮನೆ ಇಷ್ಟವಾಗಿಬಿಟ್ಟಿತು. ‘ನೀನೇ ಈ ಸುಳ್ಳಿಗೆ ನೀರೆರೆದು ಬೆಳೆಸ್ತಿದ್ದೀಯ, ನಾಳೆ ನೀನು ಬರೋದು ಯಾವ ಬಾಗಿಲಿಂದ?’ ಎಂದು ನೀನು ಕೇಳಿದ್ದೀಯ. ಶಿಕ್ಷೆ ಮುಗಿಯಲು ಇನ್ನೂ ಹತ್ತು ತಿಂಗಳಿದೆ, ಅಷ್ಟರಲ್ಲಿ ಏನಾದರೂ ಹೊಳೆದೀತು.

ಭಾವನಿಗೆ ನಮಸ್ಕಾರ. ಕಡ್ಡಿಯ ಕೆನ್ನೆ ಸವರಿ ಇದು ಅಮ್ಮ ಕಳಿಸಿದ್ದು ಎಂದು ಹೇಳು.

ನಿನ್ನ ತಂಗಿ


ಫೆಬ್ರವರಿ ೨೩, ಭಾನುವಾರ

ಪ್ರೀತಿಯ ಅಕ್ಕನಿಗೆ,

ಈ ಕಾಗದದ ಲಕೋಟೆಯ ಮೇಲೆ ಜೈಲಿನ ಮೊಹರಿಲ್ಲ ನೋಡು. ನಾನು ಹೊರಗಿದ್ದೇನೆ.

ಮಂಗಳವಾರ ಬರುತ್ತೇನೆಂದು ಫೋನಿನಲ್ಲಿ ಹೇಳಿ ನಿನ್ನನ್ನು ಕಾಯಿಸಿದೆ. ಹಾಸಿಗೆ ಒಗೆದು, ಹಜಾರದ ಮೂಲೆಯಲ್ಲಿ ಮಂಚ ಹಾಕಿ, ಕಡ್ಡಿಗೆ ಹೇಳದೆ ಗುಟ್ಟು ಮಾಡಿಟ್ಟುಕೊಂಡು ಕೂತಿದ್ದೆಯಂತೆ. ಭಾವ ಬಸ್ ಸ್ಟ್ಯಾಂಡಿಗೆ ಎರಡು ಸಲ ಬಂದು ಹೋದರಂತೆ. ಆಮೇಲೆ ನನಗೆ ಜಾಗ ಕೊಟ್ಟ ಸಂಘದ ಫೋನಿಗೆ ನೀನು ಮಾಡಿದ ಯಾವ ಕರೆಗೂ ನಾನು ಬರಲಿಲ್ಲ, ಫೋನು ಎತ್ತಿದವರೇ ಇದನ್ನೆಲ್ಲ ನನಗೆ ಹೇಳಿದರು. ನಿನ್ನ ಕಾಲು ಹಿಡಿದು ಕ್ಷಮೆ ಕೇಳಬೇಕಾದದ್ದನ್ನು ಕಾಗದದಲ್ಲಿ ಕೇಳುತ್ತಿದ್ದೇನೆ.

ನಡತೆ ಒಳ್ಳೆಯದೆಂದು ನಾಲ್ಕು ತಿಂಗಳು ಕಡಿಮೆ ಮಾಡಿದರು. ಬಿಡುವ ಎರಡು ದಿನ ಮುಂಚೆಯಷ್ಟೇ ಹೇಳಿದರು. ಒಳಗೆ ಹೋಗುವಾಗ ಉಟ್ಟಿದ್ದ ಸೀರೆಯನ್ನೇ ಕೊಟ್ಟರು, ಅದಕ್ಕೆ ಗೋದಾಮಿನ ವಾಸನೆ. ಸೋಮವಾರ ಹೊರಗೆ ಬಂದಾಗ ಬಿಸಿಲಿಗೆ ತಲೆ ಸುತ್ತಿತು. ಅವತ್ತೇ ಜ್ವರ ಬಂತು. ಮಂಗಳವಾರವಿಡೀ ಏಳಲಾಗಲಿಲ್ಲ, ಬಸ್ಸು ಹತ್ತುವುದೆಲ್ಲಿಂದ ಬಂತು? ಬಿಡುಗಡೆಯಾದವರಿಗೆ ಜಾಗ ಕೊಡುವ ಇಲ್ಲಿನ ಸಂಘದವರೇ ನೋಡಿಕೊಂಡರು. ಜ್ವರ ಬಿಟ್ಟ ಮೇಲೆ ಅವರೇ ಒಂದು ಕೆಲಸ ತೋರಿಸಿದರು, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಚಾದರ ಮಡಿಸುವುದು ನನ್ನ ಪಾಲಿಗೆ ಬಂದಿದೆ. ಎದುರಿಗೊಬ್ಬಳು ಆ ತುದಿ ಹಿಡಿಯುತ್ತಾಳೆ, ನಾನು ಈ ತುದಿ. ಇಬ್ಬರೂ ಹತ್ತಿರ ಬಂದು ತುದಿ ಸೇರಿಸುತ್ತೇವೆ, ಮತ್ತೆ ದೂರ ಹೋಗುತ್ತೇವೆ. ಅವಳಿಗೆ ಕಿವಿ ಮಂದ, ಹಾಗಾಗಿ ಪ್ರಶ್ನೆಗಳಿಲ್ಲ. ಲೈಸೆನ್ಸು ರದ್ದಾಗಿದೆ. ಅದು ಇದ್ದಿದ್ದರೂ ನಾನು ಇನ್ನು ಸ್ಟೀರಿಂಗ್ ಮುಟ್ಟುವವಳಲ್ಲ.

ಉಳಿದುಕೊಳ್ಳಲು ಲಾಂಡ್ರಿಯ ಮೇಲಿನ ಕೋಣೆಯೊಂದು ಸಿಕ್ಕಿದೆ. ಕೆಳಗಿನ ಬಾಯ್ಲರಿನಿಂದ ನೆಲ ಸದಾ ಬೆಚ್ಚಗಿರುತ್ತದೆ. ಕಿಟಕಿ ತೆರೆದರೆ ಎದುರು ಗೋಡೆ. ಬಾಗಿಲಿಗೆ ಒಳಗಿನಿಂದ ಚಿಲಕವಿದೆ. ಮೊದಲ ಎರಡು ದಿನ ಅದನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದೆ.

ಯೋಚಿಸಿ ನೋಡಿದೆ, ಅಕ್ಕ. ಕಡ್ಡಿಗೆ ಈ ವರ್ಷ ಪರೀಕ್ಷೆ. ನಾನು ಈಗ ಬಂದರೆ ಅವಳ ಓದು ಕೆಡುತ್ತದೆ. ಇನ್ನೊಂದೆರಡು ವರ್ಷ ಅವಳು ನಿನ್ನ ಬಳಿಯೇ ಇರಲಿ. ನಿನಗೆ ಹೊರೆಯೆಂದು ನನಗೆ ಗೊತ್ತು. ಆದರೆ ಅವಳಿಗೆ ಜ್ವರ ಬಂದಾಗ ಹಣೆಗೆ ಪಟ್ಟಿ ಹಾಕಿದವಳು, ಗಣಿತ ತಪ್ಪಿದಾಗ ಗದರಿದವಳು, ಹಲ್ಲು ಬಿದ್ದಾಗ ಕನ್ನಡಿ ಹಿಡಿದವಳು ನೀನು. ಹಡೆದದ್ದು ಬಿಟ್ಟರೆ ನನ್ನದೇನಿದೆ? ನಾನು ಹೊರಗೆ ಬಂದಿರುವುದನ್ನು ಅವಳಿಗೆ ಹೇಳಬೇಡ. ಭಾನುವಾರ ಹತ್ತು ಗಂಟೆಗೆ ಮೊದಲಿನ ಹಾಗೇ ಫೋನು ಮಾಡುತ್ತೇನೆ.

ಭಾವನ ಬೆನ್ನು ಹುಷಾರು. ನಿನ್ನ ಅಂಗಡಿ ಚೆನ್ನಾಗಿ ನಡೆಯಲಿ. ನನ್ನ ಕಡ್ಡಿ ಚೆನ್ನಾಗಿ ಓದಲಿ, ಎತ್ತರಕ್ಕೆ ಬೆಳೆಯಲಿ, ಯಾರ ಮುಂದೂ ತಲೆ ತಗ್ಗಿಸುವ ಹಾಗಾಗದಿರಲಿ.

ನಿನ್ನ ತಂಗಿ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗೆ ಸುಳ್ಳು ಬರೆದು ಇರಲಾರೆ. ನನಗೆ ಜ್ವರ ಬರಲಿಲ್ಲ. ಮಂಗಳವಾರ ನಾನು ಬಂದಿದ್ದೆ.

ಒಂದು ಬಸ್ಸು ಮುಂಚೆಯೇ ಬಂದೆ, ಅದಕ್ಕೇ ಭಾವನಿಗೆ ಸಿಗಲಿಲ್ಲ. ನೇರ ಮನೆಗೆ ಬರಬೇಕಿತ್ತು. ಆದರೆ ನನ್ನನ್ನು ನೋಡಿ ಅವಳ ಮುಖ ಅರಳುವುದನ್ನು ಬೇರೆಯವರಿಗಿಂತ ಮೊದಲು ನಾನೊಬ್ಬಳೇ ನೋಡಬೇಕೆಂಬ ಆಸೆಗೆ ಶಾಲೆಯ ಗೇಟಿನ ಹತ್ತಿರ ಹೋಗಿ ನಿಂತೆ. ಅದೇ ಸೀರೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನಾಲ್ಕು ಗಂಟೆಗೆ ಬೆಲ್ಲಾಯಿತು. ನಾಲ್ವರು ಹುಡುಗಿಯರು ಕೈ ಕೈ ಹಿಡಿದುಕೊಂಡು ಬಂದರು. ಎರಡನೆಯವಳು ನನ್ನ ಮಗಳು. ಕೂದಲು ಕತ್ತರಿಸಿದ್ದೀಯ, ನನಗೆ ಬರೆಯಲೇ ಇಲ್ಲ. ಒಂದು ಕಾಲಿನ ಸಾಕ್ಸು ಜಾರಿತ್ತು.

ಅವಳು ನನ್ನನ್ನು ನೋಡಿದಳು, ಅಕ್ಕ. ನಿಂತಳು. ನನಗೆ ಅನುಮಾನವೇ ಇಲ್ಲ, ಗುರುತು ಹಿಡಿದಳು. ಪಕ್ಕದ ಹುಡುಗಿ ‘ಯಾರೇ ಅದು? ನಿನ್ನನ್ನೇ ನೋಡ್ತಿದಾರೆ’ ಎಂದಳು. ಫೋನಿನಲ್ಲಿ ಕೇಳಿದ್ದ ಅದೇ ಪರೀಕ್ಷೆಯ ದನಿ.

‘ಗೊತ್ತಿಲ್ಲ. ಯಾರೋ’ ಎಂದಳು ನಮ್ಮ ಕಡ್ಡಿ.

ನಾನು ತಕ್ಷಣ ಪಕ್ಕದಲ್ಲಿದ್ದ ವಾಚ್‌ಮನ್ ಕಡೆ ತಿರುಗಿ ಪೋಸ್ಟಾಫೀಸು ಎಲ್ಲಿ ಎಂದು ಕೇಳಿದೆ. ಅವನು ಕೈ ತೋರಿಸಿದ. ನಾನು ಆ ಕಡೆಗೇ ನಡೆದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಅವಳು ಓಡಿ ಬಂದುಬಿಡುತ್ತಿದ್ದಳೇನೋ, ಎರಡೂವರೆ ವರ್ಷ ಅವಳು ಕಾಪಾಡಿಕೊಂಡು ಬಂದದ್ದೆಲ್ಲ ಆ ಗೇಟಿನ ಮುಂದೆ, ಆ ಮೂವರ ಎದುರಿಗೆ ಮುರಿದುಬೀಳುತ್ತಿತ್ತು. ಇಲ್ಲ, ಓಡಿ ಬರುತ್ತಿರಲಿಲ್ಲವೇನೋ. ಅದನ್ನು ತಿಳಿದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಅವಳಿಗೆ ಒಂದು ಮಾತೂ ಅನ್ನಬೇಡ. ಏನೂ ಕೇಳಲೂ ಬೇಡ. ನನಗೆ ಒಂದನ್ನು ಮಾತ್ರ ತಿಳಿಸು. ಮಂಗಳವಾರ ಸಂಜೆ ಮನೆಗೆ ಬಂದ ಮೇಲೆ ಅವಳು ಊಟ ಮಾಡಿದಳಾ?